ಕಂಕುಳಲ್ಲಿ ಕೂಸು, ಹಾಜರಿ ಪುಸ್ತಕದಲ್ಲಿ ಹೆಸರು

ಶಿರಸಿ, 14 ಜೂನ್ 2025, ಶನಿವಾರ

ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿದೆ. ಪದವಿ ಪ್ರವೇಶದ ಕಾಲವೂ ಹೌದು. ಮದುವೆಯಾಗಿ, ಮಗುವಾಗಿ, ಬಿಟ್ಟ ಓದನ್ನು ಮತ್ತೆ ಹಿಡಿಯುವ ಹುಡುಗಿಯರು ಪ್ರತಿ ವರ್ಷ ಈ ಹೊತ್ತಿಗೆ ಕೇಳುವ ಪ್ರಶ್ನೆ ಒಂದಿದೆ: "ಕೂಸು ನೋಡಿಕೊಳ್ಳಲಿಕ್ಕೆ ಸರ್ಕಾರದಿಂದ ಏನಾದ್ರೂ ದುಡ್ಡು ಸಿಗ್ತದಾ?"

ಆ ಹೆಸರಿನಲ್ಲಿ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ಪೂರ್ಣಾವಧಿ ಪದವಿ ಓದುವ ತಂದೆತಾಯಿಗೆ ಶಿಶುಪಾಲನಾ ಅನುದಾನ ಅಂತಲೇ ಬೇರೆ ಇದೆ. ಮನೆಯ ಆದಾಯ ನೋಡಿ, ನೋಂದಾಯಿತ ಶಿಶುಪಾಲಕರಿಗೆ ಕೊಡುವ ಶುಲ್ಕದಲ್ಲಿ ಶೇ. 85ರವರೆಗೆ, ವಾರಕ್ಕೆ ಇಷ್ಟೇ ಎಂಬ ಮಿತಿಯೊಳಗೆ ಕೊಡುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿ ಇಲ್ಲಿಂದ ಹೋದವರಿಗೆ ಅದು ಸಿಗದು, ನೆಚ್ಚಿಕೊಂಡು ಹೋಗಬೇಡಿ. ನಮ್ಮ ಕಡೆ ದುಡ್ಡು ಮೂರು ಬೇರೆ ಬೇರೆ ದಾರಿಯಲ್ಲಿ ಬರುತ್ತದೆ: ತಾಯಿ ಅಂತ ಒಂದಿಷ್ಟು, ವಿದ್ಯಾರ್ಥಿನಿ ಅಂತ ಒಂದಿಷ್ಟು, ಪಡಿತರ ಚೀಟಿಯ ಮನೆಯವಳು ಅಂತ ಒಂದಿಷ್ಟು. ಒಂದು ಇಲಾಖೆಯವರಿಗೆ ಇನ್ನೊಂದರ ಸುದ್ದಿ ಇರುವುದಿಲ್ಲ. ಹಾಗಾಗಿ ಜೋಡಿಸಿಕೊಳ್ಳುವ ಕೆಲಸ ನಿಮ್ಮ ಪಾಲಿಗೇ ಬೀಳುತ್ತದೆ.

ಮೊದಲು ಕೇಂದ್ರದ ಮಾತೃವಂದನಾ ಯೋಜನೆ. ಮೊದಲ ಮಗುವಿಗೆ ಒಟ್ಟು 5,000 ರೂಪಾಯಿ. ಗರ್ಭಿಣಿಯೆಂದು ನೋಂದಾಯಿಸಿ, ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ಒಂದು ತಪಾಸಣೆಯಾದರೂ ಆಗಿದ್ದರೆ 3,000. ಹೆರಿಗೆಯಾಗಿ, ಜನನ ನೋಂದಣಿಯಾಗಿ, ಮಗುವಿಗೆ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ ಉಳಿದ 2,000. ಎರಡನೆಯದು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000. ಬಿಪಿಎಲ್ ಚೀಟಿ, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಇ-ಶ್ರಮ್ ಕಾರ್ಡ್, ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯದ ಪ್ರಮಾಣಪತ್ರ, ಇವುಗಳಲ್ಲಿ ಒಂದಿದ್ದರೂ ನಡೆಯುತ್ತದೆ. ಕಾಲೇಜಿಗೆ ಹೋಗುವವಳು ಅನ್ನುವ ಕಾರಣಕ್ಕೆ ಯಾರೂ ತಡೆಯುವಂತಿಲ್ಲ. ಗಂಡನ ಆಧಾರ್ ಕಡ್ಡಾಯವಲ್ಲ. ಒಂಟಿಯಾಗಿ ಮಗು ಸಾಕುತ್ತಿರುವವರು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಇಲ್ಲಿ ಕೆಡುವುದು ಹೆಚ್ಚಾಗಿ ಎರಡು ಕಡೆ. ನಮ್ಮಲ್ಲಿ ಮೊದಲ ಬಾಣಂತನ ತವರಿನಲ್ಲಿ. ತಾಯಿ ಕಾರ್ಡ್ ಗಂಡನ ಊರಲ್ಲಿ ಆಗಿರುತ್ತದೆ, ಏಳನೇ ತಿಂಗಳಿಗೆ ತವರಿಗೆ ಬಂದಾಗ ಅಲ್ಲಿಯ ಅಂಗನವಾಡಿಯಲ್ಲೂ ಹೆಸರು ಬರೆಸುತ್ತಾರೆ. ಒಂದೇ ಆಧಾರ್ ಎರಡು ಕಡೆ ಕಂಡರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಎಲ್ಲಿ ಮೊದಲು ದಾಖಲಾಗಿದೆಯೋ ಅಲ್ಲಿಯ ಅಂಗನವಾಡಿ ಅಕ್ಕೋರ ಮೂಲಕವೇ ಮುಂದುವರಿಸಿ. ಊರು ಬದಲಾದರೆ ದಾಖಲೆ ವರ್ಗಾಯಿಸಿಕೊಡಿ ಎಂದು ಕೇಳಿ, ಹೊಸದಾಗಿ ಬರೆಸಬೇಡಿ. ಇನ್ನೊಂದು ಲಸಿಕೆಯದು. 6, 10 ಮತ್ತು 14ನೇ ವಾರದ ಡೋಸ್‌ಗಳಲ್ಲಿ ಒಂದನ್ನು ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸದೇ ಬಿಟ್ಟರೆ ಎರಡನೇ ಕಂತಿಗೆ ಪುರಾವೆ ಇರುವುದಿಲ್ಲ. ಆಸ್ಪತ್ರೆಯ ಚೀಟಿ ತೋರಿಸಿ ಆಶಾ ಕಾರ್ಯಕರ್ತೆಯ ಹತ್ತಿರ ಆ ವಾರವೇ ದಾಖಲು ಮಾಡಿಸಿ.

ಈಗ ಬ್ಯಾಂಕಿನ ಮಾತು. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ಯಾಕಂದರೆ ಮಂಜೂರಾದ ದುಡ್ಡು ಕಾಣದೇ ಹೋಗುವುದು ಇಲ್ಲಿಯೇ. ನೇರ ನಗದು ವರ್ಗಾವಣೆ ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆ ಎಂದೇನಿಲ್ಲ. ನಿಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಖಾತೆಗೆ ಆಧಾರ್ ಪ್ರತಿ ಕೊಟ್ಟಿದ್ದೇನೆ ಎಂದರೆ ಜೋಡಣೆ ಆಗಿದೆ ಎಂದಲ್ಲ. ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಬರಲು ಆಧಾರ್ ಸಂಖ್ಯೆಯನ್ನು ಒಂದು ಬ್ಯಾಂಕಿಗೆ ಜೋಡಿಸುವ ದಾಖಲೆ) ಬೇರೆ, ಅದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಪತ್ರ ಕೊಡಬೇಕು. ಹೈಸ್ಕೂಲಿನಲ್ಲಿ ತೆರೆದ ತವರೂರಿನ ಖಾತೆ ವರ್ಷಗಟ್ಟಲೆ ವ್ಯವಹಾರವಿಲ್ಲದೆ ನಿಂತಿರುತ್ತದೆ, ಮ್ಯಾಪಿಂಗ್ ಮಾತ್ರ ಅದಕ್ಕೇ ಇರುತ್ತದೆ. ಹಣ ಅಲ್ಲಿಗೆ ಹೋಗಿ ವಾಪಸ್ಸಾಗುತ್ತದೆ. ಮೈ ಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ತೆರೆದರೆ ಯಾವ ಬ್ಯಾಂಕು, ಚಾಲ್ತಿಯಲ್ಲಿದೆಯೋ ಇಲ್ಲವೋ ಎರಡೂ ತಿಳಿಯುತ್ತದೆ. ಆದರೆ ಒಟಿಪಿ ಬರುವುದು ಆಧಾರಿಗೆ ಕೊಟ್ಟ ಮೊಬೈಲಿಗೆ. ಅದು ಬಹಳ ಮಂದಿಯದು ಅಪ್ಪನ ಹಳೇ ನಂಬರು, ಈಗ ಬಂದ್ ಆಗಿರುತ್ತದೆ. ಹಾಗಿದ್ದರೆ ಮೊದಲ ಕೆಲಸ ಆಧಾರ್ ಕೇಂದ್ರಕ್ಕೆ ಹೋಗಿ ಶುಲ್ಕ ಕೊಟ್ಟು ನಂಬರು ಬದಲಿಸುವುದು, ಉಳಿದದ್ದೆಲ್ಲ ಆಮೇಲೆ.

ಜಿಲ್ಲೆಯಲ್ಲಿ ಹಳ್ಳಿಹಳ್ಳಿಗೂ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಗಿದೆ. ಆ ಬ್ಯಾಂಕಿನ ಖಾತೆ ಇರುವವರು ಯಾವುದೇ ಅರ್ಜಿ ಹಾಕುವ ಮುಂಚೆ ಸ್ಟೇಟಸ್ ಒಮ್ಮೆ ನೋಡಿಕೊಳ್ಳಿ, ಐಎಫ್‌ಎಸ್‌ಸಿ ಕೋಡ್ ಅದೇ ಇದೆಯೋ ಬದಲಾಗಿದೆಯೋ ಶಾಖೆಯಲ್ಲಿ ಕೇಳಿ ಬರೆದುಕೊಳ್ಳಿ.

ವಿದ್ಯಾರ್ಥಿವೇತನಕ್ಕೆ ಬರೋಣ. ರಾಜ್ಯದ ವಿದ್ಯಾರ್ಥಿವೇತನದ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಮದುವೆಯಾದವರು ಎಡವುವುದು ಇಲ್ಲಿ. ಜಾತಿ ಹುಟ್ಟಿನದು, ತಂದೆಯ ಕಡೆಯ ದಾಖಲೆ ನೋಡಿ ಕೊಡುತ್ತಾರೆ. ಆದಾಯ ಹಾಗಲ್ಲ. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮದಲ್ಲಿ ಕೆಲಸವಿಲ್ಲದ ವಿವಾಹಿತ ವಿದ್ಯಾರ್ಥಿನಿಗೆ ಗಂಡನ ಆದಾಯ ಲೆಕ್ಕಕ್ಕೆ ಬರುತ್ತದೆ, ಮಿತಿ ವರ್ಷಕ್ಕೆ ಎರಡೂವರೆ ಲಕ್ಷ. ತಂದೆಯ ಹೆಸರಲ್ಲಿ ತೆಗೆದ ಹಳೆಯ ಆದಾಯ ಪತ್ರದ ಅವಧಿ ಇನ್ನೂ ಇದೆ ಎಂದು ಅದನ್ನೇ ಹಾಕಿದರೆ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಾಡಕಚೇರಿಯಲ್ಲಿ ಗಂಡನ ಮನೆಯ ವಿಳಾಸಕ್ಕೆ ಹೊಸದು ಮಾಡಿಸಿ. ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ: ಇಲಾಖೆಯ ಹಾಸ್ಟೆಲ್‌ನಲ್ಲಿ ಇಲ್ಲದವರಿಗೆ ಊಟ ಮತ್ತು ವಸತಿಗೆ 2025ರ ಲೆಕ್ಕದಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಅಂದರೆ 15,000. ಕೂಸು ಇರುವವರು ಹಾಸ್ಟೆಲ್‌ನಲ್ಲಿ ಇರಲಿಕ್ಕೆ ಆಗುವುದಿಲ್ಲ, ಹಾಗಾಗಿ ಇದು ಅವರಿಗೆ ಹೇಳಿ ಮಾಡಿಸಿದಂತಿದೆ. ದೂರದ ಮತ್ತು ಆದಾಯದ ಷರತ್ತುಗಳಿವೆ, ಓದಿಕೊಂಡು ಹಾಕಿ.

ಹೆಸರಿನ ವಿಷಯದಲ್ಲಿ ನಮ್ಮ ಖಚಿತ ಅಭಿಪ್ರಾಯ: ಓದು ಮುಗಿಯುವ ತನಕ ಆಧಾರಿನಲ್ಲಿ ಹೆಸರು, ಅಡ್ಡಹೆಸರು ಬದಲಿಸಬೇಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಆಧಾರಿನಲ್ಲಿ ಗಂಡನ ಮನೆಯದು ಆದರೆ ಎಸ್‌ಎಸ್‌ಪಿಯಲ್ಲಿ ತಾಳೆಯಾಗದು. ವಿಳಾಸ ಬೇಕಾದರೆ ಬದಲಿಸಿ, ಅದರಿಂದ ತೊಂದರೆಯಿಲ್ಲ.

ಪಡಿತರ ಚೀಟಿಯ ದಾರಿಯಲ್ಲಿ ಬರುವುದು ಗೃಹಲಕ್ಷ್ಮಿಯ ತಿಂಗಳ 2,000. ಅದು ಚೀಟಿಯಲ್ಲಿ ಯಜಮಾನಿ ಎಂದು ಬರೆದವರಿಗೆ. ಅತ್ತೆ ಇರುವ ಮನೆಯಲ್ಲಿ ಅತ್ತೆಗೇ. ಅದನ್ನು ಕೂಸಿನ ಖರ್ಚಿಗೆ ಕೇಳುವುದು ಬಿಡುವುದು ಮನೆಯ ಮಾತು, ಆದರೆ ಓದುವ ಸೊಸೆಯ ಕೂಸನ್ನು ಹಗಲೆಲ್ಲ ನೋಡಿಕೊಳ್ಳುವವರು ಅತ್ತೆಯೇ ಆದರೆ ಆ ದುಡ್ಡು ಅವರ ಕೈಯಲ್ಲೇ ಇರುವುದು ಸರಿ ಅನ್ನಿಸುತ್ತದೆ. ಕೆಲಸ ಸಿಗದ ಪದವೀಧರರಿಗೆ ಕೊಡುವ ಯುವನಿಧಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪದವಿ ಮುಗಿಸಿ ಮುಂದಿನ ಓದಿಗೆ ಸೇರಿದವರು ಅದಕ್ಕೆ ಅರ್ಹರಲ್ಲ. ಶಕ್ತಿ ಯೋಜನೆ ಉಂಟು, ವಾಯವ್ಯ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಸಿದ್ದಾಪುರದಿಂದ ಶಿರಸಿಗೋ ಅಂಕೋಲೆಯಿಂದ ಕಾರವಾರಕ್ಕೋ ದಿನಾ ಓಡಾಡಲು ಖರ್ಚಿಲ್ಲ. ಕಾರವಾರದಿಂದ ಗೋವಾ ಕಡೆಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಅದು ಅನ್ವಯಿಸದು.

ಇಷ್ಟನ್ನೂ ಕೂಡಿಸಿ ನೋಡಿ. ಒಂದು ಉದಾಹರಣೆ ಹಿಡಿಯೋಣ: ನಾಲ್ವರು ತಾಯಂದಿರು ಸೇರಿ ಕಾಲೇಜಿನ ಹತ್ತಿರ ಒಬ್ಬ ಹೆಂಗಸನ್ನು ಮಕ್ಕಳ ಕಾವಲಿಗೆ ಗೊತ್ತುಮಾಡಿ ತಿಂಗಳಿಗೆ 8,000 ಕೊಟ್ಟರೆ ತಲೆಗೆ 2,000, ಐದು ತಿಂಗಳ ಸೆಮಿಸ್ಟರಿಗೆ 10,000, ವರ್ಷಕ್ಕೆ 20,000. ಮಾತೃವಂದನಾದ ಇಡೀ ಮೊತ್ತ ಅರ್ಧ ಸೆಮಿಸ್ಟರಿಗೆ ಆಯಿತು. ವಿದ್ಯಾಸಿರಿ ಸಿಕ್ಕಿದರೆ ವರ್ಷದ ಮುಕ್ಕಾಲು ಪಾಲು ತುಂಬುತ್ತದೆ. ಆದರೆ ಯಾವ ದುಡ್ಡೂ ಬೇಕಾದ ತಿಂಗಳಿಗೆ ಬರುವುದಿಲ್ಲ. ವಿದ್ಯಾರ್ಥಿವೇತನ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಬಂದರೂ ಬಂದೀತು. ಮೊದಲ ಮೂರು ತಿಂಗಳ ಹಣ ಕೈಯಲ್ಲಿಟ್ಟುಕೊಂಡೇ ಒಪ್ಪಂದ ಮಾಡಿಕೊಳ್ಳಿ.

ದುಡ್ಡಿಗಿಂತ ಗಂಟೆ ಹೊಂದಿಸುವುದು ಕಷ್ಟ. ಅಂಗನವಾಡಿಯಲ್ಲಿ ದಿನವಿಡೀ ಕೂರಿಸಿಕೊಳ್ಳುವುದು ಮೂರು ತುಂಬಿದ ಮೇಲೆ; ಆರು ತಿಂಗಳಿಂದ ಮೂರು ವರ್ಷದವರೆಗೆ ಮನೆಗೆ ಕೊಡುವ ಆಹಾರ ಮಾತ್ರ. ಓದು ಬಿಡುವುದು ಹೆಚ್ಚಾಗಿ ಆ ಎರಡೂವರೆ ವರ್ಷದಲ್ಲಿಯೇ. ಅದಕ್ಕೆ ಎರಡು ಕಡೆ ವಿಚಾರಿಸಬೇಕು. ಹಳ್ಳಿಯವರು ಪಂಚಾಯಿತಿಯಲ್ಲಿ ಪಿಡಿಒ ಹತ್ತಿರ ಕೂಸಿನ ಮನೆ, ಅಂದರೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರ, ಇದೆಯಾ ಕೇಳಿ. 2023-24ರ ಬಜೆಟ್ಟಿನಲ್ಲಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ್ದು. ಮೊದಲ ಆದ್ಯತೆ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗೆ, ಜಾಗ ಇದ್ದರೆ ಉಳಿದವರನ್ನೂ ಸೇರಿಸಿಕೊಳ್ಳಿ ಎಂದು ಕೇಳಲು ಅಡ್ಡಿಯಿಲ್ಲ. ಇನ್ನೊಂದು ಕೇಂದ್ರದ ಪಾಲನಾ ಯೋಜನೆಯ ಅಂಗನವಾಡಿ ಕಂ ಕ್ರೆಶ್. ಆರು ತಿಂಗಳಿಂದ ಆರು ವರ್ಷದ ಮಕ್ಕಳು, ಒಂದು ಕೇಂದ್ರಕ್ಕೆ 25ರವರೆಗೆ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ತಾಸು. ಹಳೆಯ ಶಿಶುಪಾಲನಾ ಯೋಜನೆ ದುಡಿಯುವ ತಾಯಂದಿರಿಗೆ ಮೀಸಲಿತ್ತು. ಪಾಲನಾದಲ್ಲಿ ತಾಯಿ ಉದ್ಯೋಗದಲ್ಲಿ ಇರಲಿ ಬಿಡಲಿ, ಮಗುವನ್ನು ಸೇರಿಸಬಹುದು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ "ನೀವು ಕೆಲಸದಲ್ಲಿಲ್ಲವಲ್ಲ" ಎಂದರೆ ಈ ಒಂದು ಅಂಶವನ್ನು ನೆನಪಿಸಿ.

ಖಾಸಗಿ ಡೇ ಕೇರ್ ನೋಡುವವರು ಶುಲ್ಕ ಕೇಳುವ ಮುಂಚೆ ತಲೆ ಎಣಿಸಿ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರಾದರೂ ತರಬೇತಿ ಪಡೆದವರು ಇರಬೇಕು ಎನ್ನುವುದು 2018ರ ಕೇಂದ್ರ ಮಾರ್ಗಸೂಚಿ.

ಈ ಜಿಲ್ಲೆಗೇ ಸೇರಿದ ಒಂದು ತೊಡಕು ಮಳೆ ರಜೆ. ಜೋರು ಮಳೆಗೆ ಜಿಲ್ಲಾಧಿಕಾರಿಗಳು ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆಗಳಿಗೆ ರಜೆ ಸಾರುತ್ತಾರೆ. ಪದವಿ ಕಾಲೇಜಿಗೆ ಎಷ್ಟೋ ಸಲ ರಜೆ ಇರುವುದಿಲ್ಲ. ರಾತ್ರಿ ಒಂಬತ್ತಕ್ಕೆ ವಾಟ್ಸಾಪಿನಲ್ಲಿ ಆದೇಶ ಬಂದರೆ ಬೆಳಿಗ್ಗೆ ಕೂಸನ್ನು ಎಲ್ಲಿ ಬಿಡುವುದು? ಆ ದಿನ ಆಂತರಿಕ ಪರೀಕ್ಷೆಯೂ ಇದ್ದರೆ ಅಂಕವೇ ಹೋಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ಇಂಥ ದಿನಕ್ಕೆಂದೇ ಬೇರೆ ಒಬ್ಬರನ್ನು ಹೇಳಿಟ್ಟುಕೊಳ್ಳಿ, ದಿನಗೂಲಿಯ ಲೆಕ್ಕದಲ್ಲಾದರೂ.

ಹಾಜರಾತಿಯ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ವಾರಕ್ಕೆ ನಾಲ್ಕು ತಾಸಿನ ವಿಷಯ, 16 ವಾರ, ಒಟ್ಟು 64. ಶೇ. 75 ಅಂದರೆ 48. ತಪ್ಪಿಸಬಹುದಾದ್ದು 16 ತಾಸು, ನಾಲ್ಕು ವಾರ. ಹೆರಿಗೆಗೆ ಆರು ವಾರ ಮನೆಯಲ್ಲಿದ್ದರೂ ಹಾಜರಿ 40ಕ್ಕೆ, ಅಂದರೆ ಶೇ. 62.5ಕ್ಕೆ ಇಳಿಯಿತು. ಹಾಗಾಗಿ ರಿಯಾಯಿತಿ ಕೇಳಲೇಬೇಕು. ಕೇಳಲಿಕ್ಕೆ ಆಧಾರ ಇದೆ: 2021ರ ಡಿಸೆಂಬರ್ 14ರಂದು ಯುಜಿಸಿ ಎಲ್ಲ ಕುಲಪತಿಗಳಿಗೆ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆಯ ಕಾರಣಕ್ಕೆ ಹಾಜರಾತಿ ರಿಯಾಯಿತಿ, ಪರೀಕ್ಷಾ ಅರ್ಜಿಯ ದಿನಾಂಕ ವಿಸ್ತರಣೆ ಕೊಡುವಂತೆ ನಿಯಮ ಮಾಡಿಕೊಳ್ಳಲು ಹೇಳಿದೆ. ಪಿಎಚ್‌ಡಿಯವರಿಗೆ ಇದು ನಿಯಮದಲ್ಲಿಯೇ ಇದೆ, ಒಟ್ಟು ಅವಧಿಯಲ್ಲಿ 240 ದಿನದವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ. 2023ರಲ್ಲಿ ಎಂ.ಎಡ್. ವಿದ್ಯಾರ್ಥಿನಿಯೊಬ್ಬರಿಗೆ ವಿಶ್ವವಿದ್ಯಾಲಯ ಹೆರಿಗೆ ರಜೆ ನಿರಾಕರಿಸಿದ್ದನ್ನು ದೆಹಲಿ ಹೈಕೋರ್ಟ್ ರದ್ದುಮಾಡಿ ಮತ್ತೆ ಪರಿಶೀಲಿಸಲು ಹೇಳಿತು. ನಮ್ಮ ಕಡೆಯ ಕಾಲೇಜಿಗೆ ಆ ಆದೇಶ ನೇರ ಅನ್ವಯಿಸದಿದ್ದರೂ ಅರ್ಜಿಯಲ್ಲಿ ಉಲ್ಲೇಖಿಸಿದರೆ ತೂಕ ಬರುತ್ತದೆ.

ಅರ್ಜಿಯನ್ನು ಹೆರಿಗೆಗೆ ಮುಂಚೆಯೇ ಕೊಡಿ. ಪ್ರಾಚಾರ್ಯರ ಹೆಸರಿಗೆ ಒಂದೇ ಪುಟ: ಸೆಮಿಸ್ಟರ್, ನೋಂದಣಿ ಸಂಖ್ಯೆ, ಹೆರಿಗೆಯ ಅಂದಾಜು ದಿನಾಂಕ, ಯಾವ ದಿನದಿಂದ ಯಾವ ದಿನದವರೆಗೆ ರಜೆ, ಆಂತರಿಕ ಪರೀಕ್ಷೆ ತಪ್ಪಿದರೆ ಮರುಅವಕಾಶ, ಪ್ರಾಯೋಗಿಕ ತರಗತಿ ಬೇರೆ ಬ್ಯಾಚಿನೊಂದಿಗೆ ಮಾಡಲು ಅನುಮತಿ. ಜೊತೆಗೆ ತಾಯಿ ಕಾರ್ಡಿನ ಪ್ರತಿ. ಬಾಯಲ್ಲಿ "ಆಯ್ತು, ನೋಡ್ವಾ" ಅಂದದ್ದನ್ನು ನಂಬಿ ಬರಬೇಡಿ. ಆವಕ ಸಂಖ್ಯೆ ಹಾಕಿಸಿ, ಮೊಹರಿನ ಪ್ರತಿ ಇಟ್ಟುಕೊಳ್ಳಿ. ಕಾಲೇಜಿನಲ್ಲಿ ತೀರ್ಮಾನವಾಗದಿದ್ದರೆ ಅದೇ ಪ್ರತಿ ಲಗತ್ತಿಸಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಸಚಿವರಿಗೆ ಕಳಿಸಬಹುದು.

ಕಾಲೇಜಿನಲ್ಲೇ ಒಂದು ಕೋಣೆ ಕೇಳುವುದಾದರೆ ಕಾನೂನು ಪೂರ್ತಿ ನಿಮ್ಮ ಕಡೆ ಇಲ್ಲ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಬೇಕೆನ್ನುವ ನಿಯಮ ನೌಕರರನ್ನು ಎಣಿಸುತ್ತದೆ, ವಿದ್ಯಾರ್ಥಿನಿಯರನ್ನಲ್ಲ. ಇದು ಅನ್ಯಾಯ, ತಿದ್ದಬೇಕಾದ್ದು. ಅಲ್ಲಿಯವರೆಗೆ ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್ ಹಿಡಿದು ಮಾತಾಡಿ. ನ್ಯಾಕ್ ಕೈಪಿಡಿಯ 7.1.1ರಲ್ಲಿ ಮಹಿಳೆಯರಿಗೆ ಇರುವ ಸೌಲಭ್ಯಗಳ ಸಾಲಿನಲ್ಲಿ ಚಿಕ್ಕ ಮಕ್ಕಳ ಡೇ ಕೇರ್ ಕೇಂದ್ರವೂ ಸೇರಿದೆ. ಕಾಲೇಜಿನೊಳಗೆ ಗುಣಮಟ್ಟದ ಕೆಲಸ ನೋಡಿಕೊಳ್ಳುವ ಐಕ್ಯೂಎಸಿ ಸಂಚಾಲಕರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಒಬ್ಬರೇ ಹೋಗಬೇಡಿ; ಮಗು ಇರುವ ಅಧ್ಯಾಪಕಿಯರು, ಕಚೇರಿ ಸಿಬ್ಬಂದಿಯನ್ನೂ ಸೇರಿಸಿಕೊಂಡು ಸಹಿ ಹಾಕಿ ಕೊಡಿ. ಕೇಳುವುದು ದೊಡ್ಡದೇನಲ್ಲ: ನೆಲಮಹಡಿಯಲ್ಲಿ ಸೋರದ ಒಂದು ಕೋಣೆ, ಒಳಗಿನಿಂದ ಚಿಲಕ, ಕೈತೊಳೆಯಲು ನೀರು, ಚಾಪೆ, ಹಾಲು ಬಿಸಿಮಾಡಲು ಒಂದು ಪ್ಲಗ್ ಪಾಯಿಂಟು. ಕಾವಲಿನ ಹೆಂಗಸಿನ ಸಂಬಳ ತಾಯಂದಿರೇ ಹಂಚಿಕೊಳ್ಳುತ್ತೇವೆ ಎಂದು ಅರ್ಜಿಯಲ್ಲೇ ಬರೆದರೆ ಆಡಳಿತ ಮಂಡಳಿ ಒಪ್ಪುವುದು ಸುಲಭ.