‘ಇತರೆ’ ಎಂಬ ಕಲಂನಲ್ಲಿ ಒಂದು ಕುದುರೆ

ಬೀದರಿನ ಹಳೆ ಊರಿನಿಂದ ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟಗಳವರೆಗೆ ಒಂದು ಹಸಿರು ದಾರಿ; ಅದರಲ್ಲಿ ನಡೆಯುವವರು, ಸೈಕಲ್ ಸವಾರರು, ಕುದುರೆ ಸವಾರರು ಮೂವರೂ ಸಾಗಬೇಕು. ಇದರ ಪ್ರಾಥಮಿಕ ವರದಿ ಬರೆಯುವ ಕೆಲಸ ನಮ್ಮ ಪುಟ್ಟ ಕಚೇರಿಗೆ ಬಂದ ದಿನ ನಾನು ಮೊದಲು ಮಾಡಿದ್ದು ಕುದುರೆಯನ್ನು ಹೊಡೆದುಹಾಕಿದ್ದು. ಪೆನ್ಸಿಲ್ಲಿನಿಂದ, ಅಷ್ಟೇ. ಯಾವುದೋ ಪರದೇಶದ ಕಡತದಿಂದ ನಕಲಾಗಿ ಬಂದ ಪದವಿರಬೇಕು ಎಂದುಕೊಂಡೆ. ಸ್ಪೇನಿನಲ್ಲಿ ರೈಲು ನಿಂತುಹೋದ ಹಳಿದಾರಿಗಳನ್ನು 1993ರಿಂದ ಇಂಥ ಹಸಿರು ದಾರಿಗಳಾಗಿ ಮಾಡುತ್ತಿದ್ದಾರೆ, ಅಮೆರಿಕದಲ್ಲಿಯೂ ಅದೇ ರೂಢಿ. ಅಲ್ಲಿ ಹವ್ಯಾಸಕ್ಕೆ ಕುದುರೆ ಸಾಕುವವರಿದ್ದಾರೆ. ನಮ್ಮಲ್ಲಿ ಮದುಮಗನನ್ನು ಬಿಟ್ಟರೆ ಕುದುರೆ ಏರುವವರು ಯಾರು?

ನನ್ನ ಕಸುಬನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ತಪ್ಪು ಅರ್ಥವಾಗುವುದಿಲ್ಲ. ನಾನು ಸಿವಿಲ್ ಎಂಜಿನಿಯರ್. ವರ್ಷಗಟ್ಟಲೆ ಹಳ್ಳಿಗಳ ಒಳರಸ್ತೆ, ಚರಂಡಿ, ಸಿಸಿ ರಸ್ತೆಗಳ ಅಂದಾಜುಪಟ್ಟಿ ಮಾಡಿದವನು. ದಾರಿ ಎಂದ ಕೂಡಲೇ ಕೈ ತಾನಾಗಿ ಕಾಂಕ್ರೀಟು ಬರೆಯುತ್ತದೆ. ಹಾಗಾಗಿ ಮೊದಲ ನಕ್ಷೆಯಲ್ಲಿ ಮೂರು ಮೀಟರ್ ಅಗಲದ ಇಂಟರ್‌ಲಾಕ್ ಟೈಲ್ಸ್, ಎರಡೂ ಬದಿಗೆ ಕಲ್ಲಿನ ಅಂಚು, ದೀಪದ ಕಂಬಗಳು, ಉದ್ದಕ್ಕೂ ಕಣಗಿಲೆ ಸಾಲು, ಬಾಯಿಗೆ ಒಂದು ಸ್ವಾಗತ ಕಮಾನು ಇದ್ದವು. ಮೂರು ಮೀಟರ್ ಎಂಬುದು ತಪ್ಪಲ್ಲ. ನಡೆಯುವವರೂ ಸೈಕಲ್ಲಿನವರೂ ಹಂಚಿಕೊಳ್ಳುವ ದಾರಿಗೆ ಬೇರೆ ದೇಶಗಳಲ್ಲಿಯೂ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ರಸ್ತೆಗಳಿಗೆ ಮಾನದಂಡ ರೂಪಿಸುವ ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಪಾದಚಾರಿ ದಾರಿಗೆ ಅಡ್ಡಿಯಿಲ್ಲದ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಇರಬೇಕು. ಅದನ್ನು ಕಳೆದು ಉಳಿದ 1.2 ಮೀಟರನ್ನು ಸೈಕಲ್ಲಿಗೆ ಕೊಟ್ಟೆ. ಲೆಕ್ಕ ಸರಿಹೋಯಿತು. ಜನ ಮಾತನಾಡಿಕೊಂಡು ಮೂವರು ಸಾಲಾಗಿ ನಡೆಯುತ್ತಾರೆ ಎಂಬುದು ಕೂಡಿ ಕಳೆಯುವ ಲೆಕ್ಕದಲ್ಲಿ ಬರುವುದಿಲ್ಲ.

ಆಮೇಲೆ ಸಂಚಾರ ಎಣಿಕೆ. ಪಾಲಿಟೆಕ್ನಿಕ್ ಓದುತ್ತಿದ್ದ ಹುಡುಗನೊಬ್ಬನನ್ನು ಮೂರು ದಿನ ನಸುಕಿನಿಂದ ಬೇವಿನ ಮರದ ಕೆಳಗೆ ಕೂರಿಸಿದೆವು. ಕೈಗೆ ಕೊಟ್ಟ ಫಾರಂನಲ್ಲಿ ನಾಲ್ಕು ಕಲಂ: ಪಾದಚಾರಿ, ಸೈಕಲ್, ದ್ವಿಚಕ್ರ ವಾಹನ, ಇತರೆ. ಮೊದಲ ಮೂರರಲ್ಲಿ ಅವನು ಎಲ್ಲರಂತೆ ಗೀಟು ಎಳೆದಿದ್ದ. ನಾಲ್ಕನೆಯದರಲ್ಲಿ ಗೀಟಿನ ಬದಲು ಅಕ್ಷರಗಳು, ಇರುವೆ ಸಾಲಿನಷ್ಟು ಚಿಕ್ಕವು: ‘ಎಮ್ಮೆ 6, ಹಿಂದೆ ಅಜ್ಜಿ’, ‘ಎತ್ತಿನ ಬಂಡಿ, ಖಾಲಿ’, ‘ಕುರಿ ಹಿಂಡು, ಸಾಮಾನು ಹೊತ್ತ ಕುದುರೆ 2, ಒಂದರ ಮೇಲೆ ಕೋಳಿ’, ‘ಬಿಳಿ ಕುದುರೆ, ಸವಾರ ತೂಕಡಿಸುತ್ತಿದ್ದಾನೆ’. ಎರಡನೆಯ ದಿನ ಜಾಗ ಸಾಲದೆ ಅವನೇ ಸ್ಕೇಲ್ ಹಿಡಿದು ಆ ಕಲಂ ಅಗಲ ಮಾಡಿಕೊಂಡಿದ್ದ. ಆ ಹಾಳೆ ನೋಡುವವರೆಗೂ ನಮ್ಮ ಫಾರಂನಲ್ಲಿ ಏನು ತಪ್ಪಿದೆ ಎಂದು ನನಗೆ ಹೊಳೆದಿರಲಿಲ್ಲ. ನಾನು ಪೆನ್ಸಿಲ್ಲಿನಿಂದ ಹೊಡೆದ ಕುದುರೆ ದಿನವೂ ಬೆಳಗ್ಗೆ ಅದೇ ದಾರಿಯಲ್ಲಿ ತೂಕಡಿಸುವ ಸವಾರನನ್ನು ಹೊತ್ತು ಹೋಗುತ್ತಿತ್ತು.

ನಾಚಿಕೆ ಹೆಚ್ಚಾಗಲು ಇನ್ನೊಂದು ಕಾರಣವಿದೆ. ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದಮೇಲೆ ಈ ಊರು ಕುದುರೆಗಳ ಮೇಲೆಯೇ ನಿಂತಿತ್ತು; ಅರಬಸ್ತಾನದಿಂದ, ಪರ್ಷಿಯಾದಿಂದ ಹಡಗಿನಲ್ಲಿ ಪಶ್ಚಿಮದ ಬಂದರುಗಳಿಗೆ ಇಳಿದ ಕುದುರೆಗಳು ಘಟ್ಟ ಹತ್ತಿ ಇಲ್ಲಿಗೆ ಬರುತ್ತಿದ್ದವು. 1470ರ ಆಸುಪಾಸಿನಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಇಲ್ಲಿಗೆ ಬಂದದ್ದೂ ಒಂದು ಕುದುರೆಯನ್ನು ಮಾರುವ ಆಸೆಯಿಂದಲೇ. ಈಗಿನ ಮಹಾರಾಷ್ಟ್ರದ ಜುನ್ನರಿನಲ್ಲಿ ಅದನ್ನು ಅಲ್ಲಿನ ಅಧಿಕಾರಿ ಕಸಿದುಕೊಂಡ, ಹೇಗೋ ಮರಳಿ ಸಿಕ್ಕಿತು, ಅದರ ಮೇವಿನ ಖರ್ಚಿನಲ್ಲಿಯೇ ನಿಕಿತಿನ್ ಪಾಪ ಸೋತುಹೋದ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದೂ ಬರೆದಿಟ್ಟಿದ್ದಾನೆ. ಅಂಥ ಊರಿನಲ್ಲಿ ಕುಳಿತು ಕುದುರೆಯನ್ನು ಪರದೇಶದ ಹುಚ್ಚು ಎಂದುಕೊಂಡಿದ್ದೆ.

ತೂಕಡಿಸುತ್ತಿದ್ದ ಸವಾರನನ್ನು ಹುಡುಕಿದೆವು. ವಯಸ್ಸಾದವರು. ಒಂದು ಕಾಲದಲ್ಲಿ ಟಾಂಗಾ ಓಡಿಸುತ್ತಿದ್ದರು, ಈಗ ಮದುವೆ ಮೆರವಣಿಗೆಗೆಂದು ಎರಡು ಕುದುರೆ ಇಟ್ಟುಕೊಂಡಿದ್ದಾರೆ. ಲಗ್ನವಿಲ್ಲದ ದಿನಗಳಲ್ಲಿ ಕೆಳಗಿನ ಹೊಲಗಳ ಕಡೆಗೆ ಮೇಯಿಸಲು ಒಯ್ಯುತ್ತಾರೆ. ಗುತ್ತಿಗೆದಾರರೊಬ್ಬರ ಅಂಗಳದಲ್ಲಿ ನಾವು ನಮೂನೆಗೆಂದು ಹತ್ತು ಮೀಟರ್ ಟೈಲ್ಸ್ ಹಾಸಿದ್ದೆವು. ಒಮ್ಮೆ ನಡೆಸಿ ತೋರಿಸಿ ಎಂದು ಕೇಳಿಕೊಂಡೆ.

ಬಿಳಿ ಕುದುರೆ, ಬಾಲದ ತುದಿಗೆ ಹಿಂದಿನ ಮದುವೆಯ ಮೆಹಂದಿ ಬಣ್ಣ ಇನ್ನೂ ಉಳಿದಿತ್ತು. ಟೈಲ್ಸಿನ ಅಂಚಿಗೆ ಬಂದು ನಿಂತಿತು. ತಲೆ ತಗ್ಗಿಸಿ ಮೂಸಿತು, ಮೂಗಿನ ಉಸಿರಿಗೆ ಸಿಮೆಂಟಿನ ದೂಳು ಎದ್ದಿತು. ಮುಂಗಾಲು ಒಂದನ್ನು ಎತ್ತಿ ಇಟ್ಟಿತು. ಲಾಳದ ಕಬ್ಬಿಣ ‘ಕರ್’ ಎಂದು ಜಾರಿ ಟೈಲ್ಸಿನ ಮೇಲೆ ಬೆರಳುದ್ದದ ಬಿಳಿ ಗೀರು ಬಿತ್ತು. ಅಷ್ಟೇ, ಕಾಲು ಹಿಂದಕ್ಕೆ. ಅವರು ಬಾಯಿಂದ ಚುಚ್ಚುಚ್ಚು ಎಂದರು, ಹಗ್ಗ ಜಗ್ಗಿದರು, ಕುದುರೆ ಕಿವಿ ಹಿಂದಕ್ಕೆ ಮಡಚಿ ನಿಂತೇ ಇತ್ತು. ಕೊನೆಗೆ ನನ್ನ ಕಡೆ ತಿರುಗಿ, “ಇದಕ್ಕೆ ಮದುವೆ ಮಂಟಪದ ಪಟಾಕಿ ಹೆದರಿಕೆಯಿಲ್ಲ ಸಾಹೇಬರೇ, ನಿಮ್ಮ ನೆಲ ಹೆದರಿಕೆ” ಎಂದರು. ಬದಿಯಲ್ಲಿದ್ದ ಮರಂ, ಅಂದರೆ ಕೆಂಪು ಗರಸಿನ ಗುಡ್ಡೆಯ ಮೇಲೆ ಕುದುರೆ ತಾನಾಗಿಯೇ ಹತ್ತಿ ನಿಂತಿತು.

ಆ ಮರಂ ನಮಗೆ ಉತ್ತರ ಕೊಟ್ಟಿತು. ಬೀದರ್ ಊರು ಕುಳಿತಿರುವುದೇ ಜಂಬಿಟ್ಟಿಗೆ ನೆಲದ ಮೇಲೆ. ಅದರ ಕೆಂಪು ಗರಸು ನೀರು ಹಾಕಿ ರೋಲರ್ ಹೊಡೆದರೆ ಸೈಕಲ್ಲಿಗೆ ಸಾಕಷ್ಟು ಗಟ್ಟಿ, ಹಾಗೆಯೇ ಬಿಟ್ಟರೆ ಗೊರಸಿಗೆ ಸಾಕಷ್ಟು ಮೆತ್ತಗೆ. ಒಂದೇ ಸಾಮಗ್ರಿ, ಎರಡು ಹದ. ಕೆಳಗೆ ಇಳಿದಂತೆ ಎರೆಮಣ್ಣು ಬರುತ್ತದೆ, ಅಲ್ಲಿ ತೊಂದರೆ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಕಾಂಕ್ರೀಟು ಎರಡು ಮಳೆಗಾಲ ಕಳೆಯುವುದರಲ್ಲಿ ನಕಾಶೆಯಂತೆ ಸೀಳುತ್ತದೆ. ಹೀಗಾಗಿ ಮೇಲಿನ ಎರೆಯನ್ನು ಅಗೆದು ತೆಗೆದು, ಉಬ್ಬದ ಮರಂ ತುಂಬಿ ಕುಟ್ಟಿ, ಅಕ್ಕಪಕ್ಕ ನೀರು ನಿಲ್ಲದಂತೆ ಮಾಡಬೇಕು. ಬಂಡಿದಾರಿಗೆ ಗರಸು ಹಾಕುವ ರೈತನಿಗೆ ಇದನ್ನು ಯಾವ ಕಾಲೇಜಿನಲ್ಲಿಯೂ ಕಲಿಸಿರಲಿಲ್ಲ.

ಹೊಸ ನಕ್ಷೆಯಲ್ಲಿ ಎರಡು ಪಟ್ಟಿಗಳಾದವು. ನಡಿಗೆಗೂ ಸೈಕಲ್ಲಿಗೂ ಮೂರು ಮೀಟರಿನ ಗಟ್ಟಿ ಪಟ್ಟಿ, ನಡುವೆ ಹುಲ್ಲು ಮತ್ತು ಮರಗಳು, ಆಚೆಗೆ ಎರಡು ಮೀಟರಿನ ಸಡಿಲ ಪಟ್ಟಿ. ಕುದುರೆಗೆಂದು ಬರೆದ ಆ ಪಟ್ಟಿ ಎಮ್ಮೆಗೂ ಕುರಿಗೂ ಆಯಿತು, ಬರಿಗಾಲಿನವರಿಗೂ ಆಯಿತು. ಅಷ್ಟೂರಿನಲ್ಲಿ ಗೋರಿಯಿರುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಉರುಸಿಗೆ ಮಾಡ್ಯಾಳದ ಜಂಗಮರು ಭಕ್ತರೊಂದಿಗೆ ಕಾಲ್ನಡಿಗೆಯಲ್ಲಿ ಬರುವ ವಾಡಿಕೆಯಿದೆ. ಹಾಗೆ ಬರುವ ಲಿಂಗಾಯತರಿಗೆ ಆ ಸುಲ್ತಾನ ಅಲ್ಲಮಪ್ರಭುವಿನ ಅವತಾರ. ಆ ದಿನಗಳಲ್ಲಿ ಯಾವ ಅಗಲವೂ ಸಾಲದು, ಇರುವ ಎರಡೂ ಪಟ್ಟಿ ನಡೆಯುವವರಿಗೇ. ಜಾಗ ಎಲ್ಲಿಂದ ಎಂದು ಕೇಳಿದ ಮೇಲಧಿಕಾರಿಗೆ ನಾನು ಹಳೆಯ ಗ್ರಾಮ ನಕಾಶೆ ಬಿಡಿಸಿ ತೋರಿಸಿದೆ. ‘ನಕಾಶೆ ಕಂಡ’, ಅಂದರೆ ಸರ್ಕಾರಿ ನಕಾಶೆಯಲ್ಲಿ ಗುರುತಾದ ಬಂಡಿದಾರಿ ಅಲ್ಲಿ ಚುಕ್ಕೆಗೆರೆಯಲ್ಲಿ ಇದ್ದೇ ಇತ್ತು. ಅಕ್ಕಪಕ್ಕದ ಹೊಲಗಳು ವರ್ಷಕ್ಕೆ ಒಂದು ಸಾಲಿನಂತೆ ಅದನ್ನು ಉತ್ತುಕೊಂಡು ಬಂದಿದ್ದವು. ಈ ಒತ್ತುವರಿಯ ಕಥೆಯನ್ನು ಇಲ್ಲಿ ಬಿಚ್ಚುವುದಿಲ್ಲ, ಅದಕ್ಕೆ ಮುಗಿಯುವ ಗುಣವಿಲ್ಲ.

ಗುಮ್ಮಟಗಳ ಹತ್ತಿರ ಕಾನೂನು ಬೇರೆ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ, ಅದರಾಚೆ ಇನ್ನೂ ಇನ್ನೂರು ಮೀಟರ್ ನಿಯಂತ್ರಿತ ಎಂದು ಪುರಾತನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. ನನ್ನ ಮೊದಲ ನಕ್ಷೆಯ ದೀಪದ ಕಂಬಗಳು ಅಲ್ಲಿಗೆ ಹೋಗುವ ಮೊದಲೇ ಬೀಳುತ್ತಿದ್ದವು. ಕಮಾನಂತೂ ಬೇರೆಯೇ ಕಾರಣಕ್ಕೆ ಬಿತ್ತು. ಕುದುರೆ ಏರಿದವನಿಗೆ ನೆಲದಿಂದ ಕನಿಷ್ಠ ಮೂರು ಮೀಟರ್ ಎತ್ತರದ ತೆರವು ಬೇಕು; ನನ್ನ ಕಮಾನಿನ ಎತ್ತರ 2.4. ಗಣ್ಯರ ಹೆಸರುಗಳು ಸರಿಯಾಗಿ ಸವಾರನ ಹಣೆಗೆ ಬಡಿಯುವ ಮಟ್ಟದಲ್ಲಿದ್ದವು.

ಕಣಗಿಲೆಯ ವಿಷಯ ಹೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೆದ್ದಾರಿಯ ನಡುಪಟ್ಟಿಯಲ್ಲಿ ಅದನ್ನು ನೆಡುವುದು ನೀರು ಕೇಳುವುದಿಲ್ಲ, ಆಡು ಮುಟ್ಟುವುದಿಲ್ಲ ಎಂಬ ಕಾರಣಕ್ಕೆ. ಆಡು ಏಕೆ ಮುಟ್ಟುವುದಿಲ್ಲ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅದು ವಿಷ. ಹಸಿ ಎಲೆಯ ಕಹಿಗೆ ಪ್ರಾಣಿ ದೂರ ಸರಿಯಬಹುದು, ಆದರೆ ಒಣಗಿ ಹುಲ್ಲಿನಲ್ಲಿ ಬೆರೆತ ಎಲೆಯನ್ನು ಕುದುರೆ ತಿಂದುಬಿಡುತ್ತದೆ. ಸ್ವಲ್ಪ ಎಲೆಯೇ ಸಾಕು ಹೃದಯ ನಿಲ್ಲಲು. ಟಾಂಗಾದ ಹಿರಿಯರು ನಕ್ಷೆಯ ಬಣ್ಣದ ಹೂಗಳನ್ನು ನೋಡಿ ಇದು ಯಾವ ಗಿಡ ಎಂದು ಕೇಳದಿದ್ದರೆ ನಾನು ಮೇಯುವ ದಾರಿಯುದ್ದಕ್ಕೂ ವಿಷದ ಬೇಲಿ ಹಾಕಿಸುತ್ತಿದ್ದೆ. ಈಗ ಅಲ್ಲಿ ಬೇವು, ಹುಣಸೆ, ಹೊಂಗೆ ಇವೆ. ಹುಣಸೆಗೆ ಕಚೇರಿಯಲ್ಲಿ ಒಬ್ಬರು ದೆವ್ವದ ಆಕ್ಷೇಪ ಎತ್ತಿದರು, ಕಡತದಲ್ಲಿ ದಾಖಲಿಸಿಲ್ಲ.

ರೈತರೊಬ್ಬರು ಕೇಳಿದ ಪ್ರಶ್ನೆಯೂ ಹೀಗೆಯೇ ನೆಟ್ಟಗಿತ್ತು: “ಇಷ್ಟು ನುಣ್ಣಗೆ ಮಾಡಿದರೆ ಸೋಯಾ ರಾಶಿ ಎಲ್ಲಿ ಮಾಡುತ್ತೇವೆ ಗೊತ್ತಲ್ಲ?” ಸುಗ್ಗಿಯಲ್ಲಿ ನಮ್ಮ ಭಾಗದ ಡಾಂಬರು ರಸ್ತೆಗಳ ಅರ್ಧ ಭಾಗ ಕಣವಾಗಿರುತ್ತದೆ, ಅದನ್ನು ಬೈಯುವವನು ಊಟಕ್ಕೆ ಬೇಳೆ ತಿನ್ನುವವನೇ. ಬೈಯುವ ಬದಲು ದಾರಿಯ ಬದಿಗೆ ಎರಡು ಕಡೆ ಕಣದ ಕಟ್ಟೆಗಳನ್ನು ಬರೆದೆವು.

ಯಾರು ಯಾರಿಗೆ ದಾರಿ ಬಿಡಬೇಕು ಎಂಬುದನ್ನು ಒಂದು ಬೆಳಗ್ಗೆ ಕಣ್ಣಾರೆ ಕಂಡೆ. ದಾರಿಯಲ್ಲಿ ಸಿಗುವ ಚೌಖಂಡಿ ಎಂಬ ಹಳೆಯ ಗೋರಿಯ ಇಳಿಜಾರಿನಲ್ಲಿ ಕುದುರೆ ಮುಂದೆ, ಹಿರಿಯರೂ ನಾನೂ ಪಕ್ಕದಲ್ಲಿ. ಹಿಂದಿನಿಂದ ಹಾಲಿನ ಕ್ಯಾನ್ ತೂಗುಹಾಕಿದ ಸೈಕಲ್ ಪೆಡಲ್ ತುಳಿಯದೆ ಸದ್ದಿಲ್ಲದೆ ಇಳಿದು ಬಂತು. ಹತ್ತಿರ ಬಂದಾಗ ಕ್ಯಾನ್ ಒಂದು ಸಲ ‘ಠಣ್’ ಎಂದಿತು. ಕುದುರೆ ಒಂದೇ ನೆಗೆತಕ್ಕೆ ಅಡ್ಡಕ್ಕೆ ಬಂತು, ಎದುರು ಬರುತ್ತಿದ್ದ ಹೆಂಗಸು ಬುತ್ತಿಯ ಸಮೇತ ಗಟಾರಕ್ಕೆ ಇಳಿದಳು, ಹಾಲಿನವನು ಬೇಲಿಗೆ. ಯಾರಿಗೂ ಪೆಟ್ಟಾಗಲಿಲ್ಲ, ಬೈಗುಳ ಮಾತ್ರ ಮೂರು ಭಾಷೆಗಳಲ್ಲಿ ಆದವು. ಕುದುರೆಗೆ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಬಹುತೇಕ ಸುತ್ತಲೂ ಕಾಣುತ್ತದೆ, ಆದರೆ ನೇರ ಬೆನ್ನ ಹಿಂದಿನದು ಕಾಣುವುದಿಲ್ಲ. ಸೈಕಲ್ ಬರುವುದು ಸರಿಯಾಗಿ ಅಲ್ಲಿಂದಲೇ. ಗಂಟೆ ಬಾರಿಸುವುದಕ್ಕಿಂತ ದೂರದಿಂದಲೇ ಮಾತನಾಡಿಕೊಂಡು ಬರುವುದು ಒಳ್ಳೆಯದು, ಏಕೆಂದರೆ ಮನುಷ್ಯನ ದನಿ ಕುದುರೆಗೆ ಪರಿಚಿತ. ಬ್ರಿಟನ್ನಿನ 1968ರ ಕಾನೂನು ಕುದುರೆ ದಾರಿಗಳನ್ನು ಸೈಕಲ್ಲಿಗೆ ತೆರೆದಾಗಲೂ ಇದೇ ಷರತ್ತು ಹಾಕಿತ್ತು: ನಡೆಯುವವರಿಗೂ ಕುದುರೆಯವರಿಗೂ ಸೈಕಲ್ಲೇ ದಾರಿ ಬಿಡಬೇಕು. ನಾವು ಇಳಿಜಾರಿನ ಗಟ್ಟಿ ಪಟ್ಟಿಗೆ ಒಂದು ತಿರುವು ಕೊಟ್ಟು ವೇಗ ಕಡಿಮೆ ಮಾಡಿದೆವು. ಫಲಕಗಳಲ್ಲಿ ಅಕ್ಷರಕ್ಕಿಂತ ಚಿತ್ರಗಳೇ ಹೆಚ್ಚು. ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಬರೆದರೆ ಓದಿ ಮುಗಿಸುವಷ್ಟರಲ್ಲಿ ಕುದುರೆ ನೆಗೆದಿರುತ್ತದೆ.

ಇನ್ನೂ ಬಗೆಹರಿಯದೆ ಉಳಿದಿರುವುದು ಬಾಯಿ, ಅಂದರೆ ದಾರಿಯ ಪ್ರವೇಶ. ಮೋಟಾರ್ ಬೈಕ್ ಒಳಗೆ ಬರಬಾರದು. ಬೈಕಿನ ಹ್ಯಾಂಡಲ್ ಹಿಡಿಸದಷ್ಟು ಕಿರಿದು ಮಾಡಿದರೆ ಹಾಲಿನ ಸೈಕಲ್ ಹಿಡಿಸುವುದಿಲ್ಲ, ಗಾಲಿಕುರ್ಚಿ ಹಿಡಿಸುವುದಿಲ್ಲ, ಕುದುರೆಯ ಮಾತೇ ಬೇಡ. ಅದಕ್ಕೆ ಒಂದೂವರೆ ಮೀಟರ್ ಬೇಕು. ಕುದುರೆ ದಾಟುವಂತೆ ನೆಲದಲ್ಲಿ ಅಡ್ಡ ದಿಮ್ಮಿ ಹೂಳುವ ಪದ್ಧತಿ ಬೇರೆಡೆ ಇದೆ, ಆದರೆ ನಮ್ಮ ಹುಡುಗರು ಅದನ್ನು ಬೈಕ್ ಹಾರಿಸುವ ಆಟಕ್ಕೆ ಬಳಸುತ್ತಾರೆ. ಮೂರು ಬಗೆ ಬರೆದೆ, ಮೂರೂ ಟಿಪ್ಪಣಿಯೊಂದಿಗೆ ವಾಪಸ್ ಬಂದವು. ಹಿರಿಯರನ್ನು ಕೇಳಿದಾಗ, “ನಾವು ಹೊಲದ ಬಾಯಿಗೆ ಜಾಲಿಕಂಟಿ ಹಚ್ಚುತ್ತೇವೆ. ಸರಿಸಿ ಒಳಗೆ ಹೋಗುತ್ತೇವೆ, ತಿರುಗಿ ಹಚ್ಚುತ್ತೇವೆ” ಎಂದರು. ತಿರುಗಿ ಹಚ್ಚುವವರು ಯಾರು ಎಂದು ಕೇಳಿದ್ದಕ್ಕೆ ಬೀಡಿ ಹಚ್ಚಿಕೊಂಡು ಕುದುರೆಯ ಲಾಳ ನೋಡತೊಡಗಿದರು. ನಕ್ಷೆಯ ಹದಿನಾಲ್ಕನೆಯ ಹಾಳೆಯಲ್ಲಿ ಆ ಜಾಗ ಖಾಲಿ ಚೌಕವಾಗಿದೆ, ಒಳಗೆ ‘ವಿವರ ನಂತರ’ ಎಂದು ಬರೆದಿದ್ದೇನೆ, ಪೆನ್ಸಿಲ್ಲಿನಿಂದ.