ಮಕಾವ್‌ಗೆ ಹೋಗ್ತೀರಾ? ಶನಿವಾರ ಬೇಡ, ಬುಧವಾರವೂ ಬೇಡ

ಮೊದಲು ದುಡ್ಡಿನ ಮಾತು. ಹಾಂಗ್‌ಕಾಂಗ್ ಪಕ್ಕದ, ಹಿಂದೆ ಪೋರ್ಚುಗೀಸರ ಕೈಯಲ್ಲಿದ್ದ ಮಕಾವ್‌ನ ಅಂಗಡಿಗಳಲ್ಲಿ ಹಾಂಗ್‌ಕಾಂಗ್ ಡಾಲರ್ ಧಾರಾಳವಾಗಿ ನಡೆಯುತ್ತದೆ. ಆದರೆ ಚಿಲ್ಲರೆ ವಾಪಸ್ ಬರುವುದು ಮಕಾವ್‌ನದೇ ಹಣವಾದ ಪಟಾಕಾದಲ್ಲಿ, ಅದೂ ಒಂದಕ್ಕೊಂದು ಲೆಕ್ಕ. ನಿಜವಾದ ದರ 100 ಡಾಲರ್‌ಗೆ 103 ಪಟಾಕಾ. ಎಗ್ ಟಾರ್ಟ್ ಕೊಂಡು 500ರ ನೋಟು ಕೊಟ್ಟೆ, ಅಲ್ಲೇ ಕೈಬಿಟ್ಟು ಹೋಯಿತು ಒಂದಿಷ್ಟು. ಕೇಳಿದರೆ ಅಂಗಡಿಯವನು ಸುಮ್ನೆ ನಕ್ಕ. ಸಿಟಿ ಬಸ್ಸಿನಲ್ಲಂತೂ ಚಿಲ್ಲರೆಯೇ ಕೊಡುವುದಿಲ್ಲ. ಟಿಕೆಟ್ 6 ಪಟಾಕಾ, ನನ್ನ 20ರ ನೋಟು ಪೂರ್ತಿ ಡಬ್ಬಿಗೆ ಬಿತ್ತು. ಮೇಲೆ ಬಾಗಿಲಿಗೆ ಒತ್ತಿಕೊಂಡು ನಿಂತ ಪ್ರಯಾಣ ಬೇರೆ.

ಸೇಂಟ್ ಪಾಲ್ ಚರ್ಚಿಗೆ ಬೆಳಿಗ್ಗೆ 8ರೊಳಗೆ ಹೋಗಿ. 1835ರ ಬೆಂಕಿಯಲ್ಲಿ ಉಳಿದದ್ದು ಮುಂದಿನ ಗೋಡೆ, ಮೆಟ್ಟಿಲು ಮಾತ್ರ. ಶನಿವಾರ ಮಧ್ಯಾಹ್ನ ಆ ಮೆಟ್ಟಿಲೂ ಜನರಡಿ ಮುಚ್ಚಿಹೋಗುತ್ತದೆ. ಗೋಡೆಯಲ್ಲಿ ಮೇರಿಯ ಪಕ್ಕದಲ್ಲೇ ಚೀನೀ ಅಕ್ಷರ ಕೆತ್ತಿದ್ದಾರೆ, ಅಂಚಿನಲ್ಲಿ ಚೀನೀ ಸಿಂಹಗಳಿವೆ. ಗದ್ದಲದಲ್ಲಿ ಇದೆಲ್ಲ ಹುಡುಕುವ ತಾಳ್ಮೆ ನನಗಿಲ್ಲ. ಪಕ್ಕದಲ್ಲೇ ಚೀನೀ ಬಾಲದೇವರು ನಾ ಚಾನ 1888ರ ಪುಟ್ಟ ಗುಡಿ ಇದೆ. ಫೋಟೋದವರು ಅತ್ತ ತಿರುಗಿಯೂ ನೋಡುವುದಿಲ್ಲ.

ನನ್ನ ಕೇಳಿದರೆ ಅರ್ಧ ದಿನ ಬಾರಾ ಎಂಬ ಹಳೇ ಬಡಾವಣೆಗೇ ಇಡಿ. ಅಲ್ಲಿನ ಮ್ಯಾಂಡರಿನ್ ಹೌಸ್ 1869ರ ಹೊತ್ತಿಗೆ ಕಟ್ಟಿದ ದೊಡ್ಡ ತೊಟ್ಟಿಮನೆ, ಪ್ರವೇಶ ಉಚಿತ. ಬೂದು ಇಟ್ಟಿಗೆ, ಅಂಗಳ, ದುಂಡು ಬಾಗಿಲು ಎಲ್ಲ ಚೀನಾದ್ದು. ಒಳಗಿನ ಚಾವಣಿಯ ಅಲಂಕಾರ ಪಶ್ಚಿಮದ್ದು. ಕಿಟಕಿಗೆ ಗಾಜಿನ ಬದಲು ಚಿಪ್ಪಿನ ಹಲಗೆ! ಗೋವಾದ ಹಳೇ ಮನೆ ನೋಡಿದವರಿಗೆ ಥಟ್ಟನೆ ಗುರುತು ಸಿಗುತ್ತದೆ. ಬುಧವಾರ ರಜೆ, ನೆನಪಿರಲಿ. ಕೆಳಗೆ ನಡೆದರೆ ಕಮಾನು ಸಾಲಿನ ಮೂರಿಷ್ ಬ್ಯಾರಕ್ಸ್. 1874ರಲ್ಲಿ ಪೊಲೀಸ್ ಕೆಲಸಕ್ಕೆ ಗೋವಾದಿಂದ ಕರೆತಂದ ಸೈನಿಕರಿಗಾಗಿ ಕಟ್ಟಿದ್ದು. ಈಗ ಸರ್ಕಾರಿ ಕಚೇರಿ, ಜಗುಲಿ ಮಾತ್ರ ನೋಡಬಹುದು. ಅದರಾಚೆ ಪೋರ್ಚುಗೀಸರು ಬರುವ ಮೊದಲೇ ಇದ್ದ, ಕಡಲದೇವತೆ ಆ-ಮಾಳ ದೇಗುಲ. ಸುರುಳಿ ಊದುಬತ್ತಿಯ ಹೊಗೆಗೆ ಕಣ್ಣುರಿ ಗ್ಯಾರಂಟಿ.

ಊಟ-ತಿಂಡಿ? ಬಾರಾದ ಒಂದು ಗಲ್ಲಿಯ ಗೂಡಂಗಡಿಯಲ್ಲಿ ಚೆಂಗ್ ಫನ್ ತಿಂದೆ. ಅಕ್ಕಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಸುತ್ತಿದ್ದು, ಥೇಟ್ ನೀರು ದೋಸೆಯ ಸುರುಳಿ. ಕತ್ತರಿಯಲ್ಲಿ ತುಂಡು ಮಾಡಿ ಕಡಲೆಕಾಯಿ ಸಾಸ್, ಸಿಹಿ ಸಾಸ್, ಹುರಿದ ಎಳ್ಳು ಸುರಿದು ಕೊಡುತ್ತಾರೆ. ಬಾಯಲ್ಲಿಟ್ಟರೆ ಜಾರುತ್ತದೆ. ಒಂದು ತಟ್ಟೆ ಮುಗಿಸಿ ಅಲ್ಲೇ ನಿಂತು ಇನ್ನೊಂದು ಹಾಕಿಸಿಕೊಂಡೆ. ಒಣ ಸೀಗಡಿ ಹಾಕುವುದೂ ಉಂಟು, ಸಸ್ಯಾಹಾರಿಗಳು ಮೊದಲೇ ಕೇಳಿ. ಚರ್ಚ್ ಹತ್ತಿರದ ಹೋಟೆಲಿನ ಬಿಲ್ಲಿನಲ್ಲಿ ಇಲ್ಲಿ ಇಡೀ ಮನೆಮಂದಿ ತಿನ್ನಬಹುದು.

ಶನಿವಾರ ರಾತ್ರಿ ರೂಮಿನ ಬಾಡಿಗೆ ಹೆಚ್ಚುಕಡಿಮೆ ದುಪ್ಪಟ್ಟು. ನನಗೆ ಸಿಕ್ಕಿದ ಕಿಟಕಿಯ ಎದುರು ಗೋಡೆ. ಹೊರಡುವ ಮುಂಚೆ ಪಟಾಕಾ ಖಾಲಿ ಮಾಡಿ, ಹಾಂಗ್‌ಕಾಂಗ್ ಅಂಗಡಿಗಳಲ್ಲಿ ಅದಕ್ಕೆ ಬೆಲೆಯಿಲ್ಲ.