ಅಮ್ಮನ ಹೆಬ್ಬೆರಳ ಗಂಟು

ಅಮ್ಮನ ಕಾಲಿನ ಹೆಬ್ಬೆರಳ ಬುಡದಲ್ಲಿರೋ ಗಂಟು ಈ ವಾರ ಕೆಂಪಗಾಗಿ ಊದ್ಕೊಂಡಿತ್ತು, ಹೆಬ್ಬೆರಳು ವಾಲಿ ಪಕ್ಕದ ಬೆರಳನ್ನ ತಳ್ತಾ ಇರೋದ್ರಿಂದ ಕಾಲುಂಗುರ ಕೂಡ ಒತ್ತೋಕೆ ಶುರುವಾಗಿತ್ತು. ಆರ್ಥೋ ಡಾಕ್ಟ್ರು ನಿಲ್ಲಿಸಿ ಎಕ್ಸ್‌ರೇ ತೆಗೆಸಿದ್ರು, ಬನಿಯನ್ ಅಂದ್ರು. ಕೀಲು ಪಕ್ಕಕ್ಕೆ ಸರಿದು ಮೂಳೆ ಹೊರಗೆ ಉಬ್ಬಿದೆ, ಬೆರಳು 15 ಡಿಗ್ರಿಗಿಂತ ಜಾಸ್ತಿ ವಾಲಿದ್ರೆ ಬನಿಯನ್ ಅಂತ ಲೆಕ್ಕ. ಅಜ್ಜಿಗೂ ಇತ್ತು, ಮನೆತನದಲ್ಲಿ ಬರುತ್ತೆ, ಚೂಪು ಮೂತಿ ಶೂ, ಹೀಲ್ಸ್ ಹಾಕಿದ್ರೆ ಇನ್ನೂ ಜಾಸ್ತಿಯಾಗುತ್ತೆ.

ಬಟ್ಟೇಲಿ ಸುತ್ತಿದ ಐಸ್ 15 ನಿಮಿಷ ಇಟ್ರೆ ಊತ ಇಳಿಯುತ್ತೆ (ಶುಗರ್ ಇದ್ದು ಪಾದ ಮರಗಟ್ಟೋರು ಡಾಕ್ಟ್ರನ್ನ ಕೇಳದೆ ಇಡ್ಬೇಡಿ ದಯವಿಟ್ಟು). ಬೆರಳ ಮಧ್ಯೆ ಇಡೋ ಸಿಲಿಕೋನ್ ಸ್ಪೇಸರ್, ಗಂಟಿನ ಮೇಲೆ ಮೆತ್ತನೆ ಪ್ಯಾಡ್, ಇವು ನೋವಿಗೆ ಆರಾಮ ಕೊಡುತ್ತೆ, ಆದ್ರೆ ಬೆರಳು ನೆಟ್ಟಗೆ ಮಾಡ್ತೀವಿ ಅಂತ ಆನ್‌ಲೈನಲ್ಲಿ ಮಾರೋ ಬೆಲ್ಟ್‌ಗಳಿಂದ ದೊಡ್ಡೋರ ಮೂಳೆ ಶಾಶ್ವತವಾಗಿ ನೆಟ್ಟಗಾಗಲ್ಲ, ದುಡ್ಡು ಹಾಕ್ಬೇಡಿ. ಅಮ್ಮಂಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಮುಂದೆ ಅಗಲ ಇರೋ ಚಪ್ಪಲಿ, ಸಂಜೆ ಹೊತ್ತು ಹೋಗಿ ತಗೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತೆ ಸೈಜ್ ಸರಿಯಾಗಿ ಗೊತ್ತಾಗುತ್ತೆ.

ನಮ್ಮನೆ ಹೆಂಗಸ್ರು ಕಾಲು ನೋವನ್ನ ವಯಸ್ಸಾಯ್ತಲ್ಲ ಅಂತ ನುಂಗ್ಕೊಂಡು ಬರಿಗಾಲಲ್ಲಿ ಅಡುಗೆಮನೆ ಗ್ರಾನೈಟ್ ಮೇಲೆ ನಿಂತೇ ಇರ್ತಾರೆ, ಅವರ ಪಾದ ಯಾರೂ ಬಗ್ಗಿ ನೋಡಲ್ಲ, ಅದು ನಂಗೆ ತುಂಬಾ ಬೇಜಾರಾಯ್ತು.

ಇಷ್ಟೆಲ್ಲಾ ಮಾಡಿದ್ರೂ ನಡೆಯೋದೇ ಕಷ್ಟ ಆದ್ರೆ ಆಪರೇಷನ್ ಇದೆ, ಬರೀ ಅಂದಕ್ಕೆ ಅಂತ ಮಾಡಿಸೋದಲ್ಲ, ಅಮ್ಮಂಗೆ ಸದ್ಯಕ್ಕೆ ಬೇಡ ಅಂದಿದ್ದಾರೆ.